ನೀಲಗಿರಿ ಮರ ಕಡಿಸಬೇಕೆ?

ಚಿಂತಾಮಣಿಯಿಂದ ಒಬ್ಬ ತಾಯಿ ಬರೆದಿದ್ದಾರೆ: “ಮಗ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಕೆಲಸದಲ್ಲಿದ್ದಾನೆ. ರಜೆ ಬಂತೆಂದರೆ ನಾಯಿ ಕರೆದುಕೊಂಡು ಕಾಡು ಸುತ್ತುತ್ತಾನೆ. ಅಲ್ಲಿ ಮರದಿಂದ ಮಿದುಳಿಗೆ ಬೂಷ್ಟು ಹತ್ತುವ ಕಾಯಿಲೆ ಇದೆಯಂತೆ. ಅದು ನೀಲಗಿರಿಯಿಂದ ಬರುತ್ತದೆ ಅಂತಲೂ ಓದಿದೆ. ನಮ್ಮ ಬದುವಿನಲ್ಲೂ ನೀಲಗಿರಿ ಇದೆ. ಕಡಿಸಿಬಿಡಲೇ?”

ನಮಸ್ಕಾರ ಅಮ್ಮ. ಈ ಭಯಕ್ಕೆ ಮರ ಕಡಿಸಬೇಡಿ. ನಮ್ಮ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಅಂತರ್ಜಲದ ಕಾರಣಕ್ಕೆ. ಅದು ಬೇರೆಯೇ ಮಾತು.

ನೀವು ಓದಿದ ಶಿಲೀಂಧ್ರದ ಹೆಸರು ಕ್ರಿಪ್ಟೋಕಾಕಸ್ ಗ್ಯಾಟಿ. 1990ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಲ್ಲಿನ ಒಂದು ಜಾತಿಯ ನೀಲಗಿರಿಯಲ್ಲಿ ಪತ್ತೆಮಾಡಿದರು. ಅಂದಿನಿಂದ ಆ ಮರಕ್ಕೆ ಕೆಟ್ಟ ಹೆಸರು ಅಂಟಿತು. ಆದರೆ ನಿಮ್ಮ ಮಗನಿರುವ ದ್ವೀಪದಲ್ಲಿ 1999ರಿಂದ ಕಾಯಿಲೆ ಕಾಣಿಸಿಕೊಂಡಾಗ ಶಿಲೀಂಧ್ರ ಸಿಕ್ಕಿದ್ದು ಡಗ್ಲಸ್ ಫರ್, ಆಲ್ಡರ್, ಓಕ್‌ನಂಥ ಅಲ್ಲಿನದೇ ಮರಗಳಲ್ಲಿ, ಅವುಗಳ ಬುಡದ ಮಣ್ಣಿನಲ್ಲಿ. ನಮ್ಮ ದೇಶದಲ್ಲೂ ದೆಹಲಿಯ ಸಂಶೋಧಕರಿಗೆ ಇದು ನೇರಳೆ ಮರದ ಪೊಟರೆಗಳಲ್ಲಿ ಸಿಕ್ಕಿದೆ. ಹಾಗಂತ ನೇರಳೆ ಮರವನ್ನೂ ಕಡಿಯೋಕಾಗುತ್ತಾ? ಈ ಶಿಲೀಂಧ್ರಕ್ಕೆ ಬೇಕಾದದ್ದು ಲಡ್ಡು ಹಿಡಿದ ಮರ. ಅದು ಯಾವ ಜಾತಿಯದಾದರೂ ಸರಿ.

ಹರಡುವುದು ಗಾಳಿಯಲ್ಲಿ. ಒಣಗಿದ ಕಣಗಳು ಎಷ್ಟು ಸಣ್ಣವೆಂದರೆ ಉಸಿರಿನೊಂದಿಗೆ ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ದ್ವೀಪದಲ್ಲಿ ಬೇಸಿಗೆಯ ಒಣ ಹವೆಯಲ್ಲಿ ಗಾಳಿಯಲ್ಲಿ ಇವು ಜಾಸ್ತಿ ಸಿಕ್ಕವು. ಮರ ಕಡಿದು ಯಂತ್ರಕ್ಕೆ ಹಾಕಿ ಚೂರು ಮಾಡುವಾಗಲೂ ಅಷ್ಟೇ. ಜನರ ಚಪ್ಪಲಿ, ಬೂಟುಗಳಲ್ಲಿ, ಕಾರಿನ ಚಕ್ರದ ಮೇಲಿನ ಗೂಡಿಗೆ ಮೆತ್ತಿದ ಮಣ್ಣಿನಲ್ಲಿ ಕೂಡ ಇತ್ತು. ಮುಂದೆ ಆಚೆ ದಡದ ಕೆನಡಾದಲ್ಲಿ, ಅಮೆರಿಕದ ವಾಷಿಂಗ್ಟನ್, ಒರೆಗಾನ್ ರಾಜ್ಯಗಳಲ್ಲೂ ರೋಗಿಗಳು ಕಂಡುಬಂದರು. ಸಮಾಧಾನದ ಸಂಗತಿಯೆಂದರೆ, ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಕಾಯಿಲೆಯೂ ಅಪರೂಪದ್ದೇ. ದ್ವೀಪ ಸೇರಿದಂತೆ ಇಡೀ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1999ರಿಂದ 2007ರವರೆಗೆ ವರದಿಯಾದವರು 218 ಜನ. ಉಸಿರಾಡಿದವರಲ್ಲಿ ಬಹುತೇಕರಿಗೆ ಏನೂ ಆಗುವುದಿಲ್ಲ. ಮಗ ಕಾಡು ಸುತ್ತುವುದನ್ನು ಬಿಡಬೇಕಿಲ್ಲ.

ನನ್ನ ನಿಜವಾದ ಚಿಂತೆ ಬೇರೆ. ಈ ಕಾಯಿಲೆ ಗಟ್ಟಿಮುಟ್ಟಾದವರಿಗೂ ಬರಬಹುದು. ಶಿಲೀಂಧ್ರ ಒಳಹೊಕ್ಕು ಸಾಮಾನ್ಯವಾಗಿ ಆರೇಳು ತಿಂಗಳ ಮೇಲೆ ಲಕ್ಷಣ ಕಾಣುತ್ತದೆ. ಅಷ್ಟರಲ್ಲಿ ಕಾಡಿಗೆ ಹೋಗಿದ್ದು ಯಾರಿಗೆ ನೆನಪಿರುತ್ತದೆ? ವಾರಗಟ್ಟಲೆ ಬಿಡದ ಕೆಮ್ಮು, ಉಸಿರು ಕಟ್ಟುವುದು, ಜ್ವರ, ತೂಕ ಇಳಿಯುವುದು. ಊರಿಗೆ ಬಂದಾಗ ಹೀಗಾದರೆ ನಮ್ಮ ಡಾಕ್ಟರು ಮೊದಲು ಟಿಬಿ ಅಂತಲೇ ಅನುಮಾನಪಡುತ್ತಾರೆ, ಅದು ಸಹಜ. ಮಿದುಳಿನ ಪೊರೆಗೆ ಹಬ್ಬಿದರೆ ತಡೆಯಲಾರದ ತಲೆನೋವು, ವಾಂತಿ, ಕುತ್ತಿಗೆ ಬಿಗಿತ, ಕಣ್ಣು ಮಂಜಾಗುವುದು. ಆಗ ಒಂದು ದಿನವೂ ಕಾಯಬಾರದು.

ಕಂಡುಹಿಡಿಯುವ ದಾರಿಗಳಿವೆ. ಬೆನ್ನುಹುರಿಯ ಸುತ್ತಲಿನ ದ್ರವದ ಒಂದು ಹನಿಗೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಲ್ಲ ಕಡೆ ಕಪ್ಪು, ನಡುವೆ ಗುಂಡನೆಯ ಕೋಶ, ಅದರ ಸುತ್ತ ಶಾಯಿ ಹೋಗಲಾರದ ಬಿಳಿ ಬಳೆ. ಆ ಬಳೆಯೇ ಶಿಲೀಂಧ್ರದ ಕವಚ. ನಮ್ಮ ರಕ್ತದ ಕಾವಲು ಕೋಶಗಳು ಅದನ್ನು ನುಂಗದಂತೆ ಕಾಪಾಡುವುದೂ ಅದೇ. ರಕ್ತಪರೀಕ್ಷೆಯೂ ಇದೆ. ಆಂಫೊಟೆರಿಸಿನ್, ಫ್ಲುಕೊನಜೋಲ್‌ನಂಥ ಔಷಧಿಗಳಿವೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಆದರೆ ಬೇಗ ಶುರುಮಾಡಿದರೆ ಗುಣವಾಗುವವರೇ ಹೆಚ್ಚು.

ಹಾಗಾಗಿ ಮಗನಿಗೆ ಒಂದು ಮಾತು ಹೇಳಿ. ಎಲ್ಲೇ ಡಾಕ್ಟರ ಬಳಿ ಹೋದರೂ “ನಾನು ವ್ಯಾಂಕೂವರ್ ದ್ವೀಪದಲ್ಲಿದ್ದೆ” ಅಂತ ಅವನೇ ಬಾಯಿಬಿಟ್ಟು ಹೇಳಲಿ, ಕೇಳಲಿ ಅಂತ ಕಾಯದಿರಲಿ. ನಾಯಿಯ ಮೇಲೂ ಕಣ್ಣಿರಲಿ. ಆ ದ್ವೀಪದಲ್ಲಿ ನಾಯಿ, ಬೆಕ್ಕುಗಳಿಗೂ ಈ ಕಾಯಿಲೆ ಬಂದಿದೆ. ಮೂಗಿನ ಬಳಿ ಊತ, ನಿಲ್ಲದ ಸೀನು ಕಂಡರೆ ಪಶುವೈದ್ಯರಿಗೆ ತೋರಿಸಲಿ.