ಹರಕೆಯಾಟದ ವಿಡಿಯೊಗೆ ಕಂಪೆನಿಯ ಕ್ಲೇಮ್ – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಊರಿನಲ್ಲಿ ನಡೆದ ಹರಕೆಯಾಟವನ್ನು (ಹರಕೆ ತೀರಿಸಲು ಆಡಿಸಿದ ಯಕ್ಷಗಾನ) ಇಡೀ ರಾತ್ರಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದೆವು. ಒಂದು ಕ್ಯಾಸೆಟ್ ಕಂಪೆನಿಯ ಹೆಸರಿನಲ್ಲಿ ಕಾಪಿರೈಟ್ ಕ್ಲೇಮ್ ಬಂದಿದೆ. ಪ್ರಸಂಗ ಹಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನದು, ಅದಕ್ಕೆಂಥ ಕಾಪಿರೈಟ್?
– ಓದುಗರು, ಕುಂಬಳೆ

ಉತ್ತರ: ಪಾರ್ತಿಸುಬ್ಬನ ಪದ್ಯಗಳ ಮೇಲೆ ಯಾರಿಗೂ ಹಕ್ಕಿಲ್ಲ. ಅವನ ಕಾಲ ಯಾವುದೆಂದು ವಿದ್ವಾಂಸರು ವಾದಿಸುತ್ತಿರಲಿ, ಕಾಪಿರೈಟಿನ ಲೆಕ್ಕಕ್ಕೆ ಅದು ಬೇಕಾಗಿಲ್ಲ. ಆದರೆ ಆಟವೆಂದರೆ ಬರೀ ಪದ್ಯವಲ್ಲವಲ್ಲ. ಭಾಗವತರ ಹಾಡಿಕೆ, ಚೆಂಡೆ ಮದ್ದಳೆ, ವೇಷಧಾರಿಗಳ ಕುಣಿತ, ಅರ್ಥಗಾರಿಕೆಯ ಮಾತು – ಇವರೆಲ್ಲರಿಗೂ 1957ರ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಪ್ರದರ್ಶಕರ ಹಕ್ಕಿದೆ. ಅವಧಿ 50 ವರ್ಷ. ಕ್ಯಾಸೆಟ್ ಕಂಪೆನಿಗೆ ಇರುವುದು ತಾನು ಮಾಡಿಸಿದ ಧ್ವನಿಮುದ್ರಣದ ಮೇಲಿನ 60 ವರ್ಷದ ಹಕ್ಕು. ಅದೇ ಭಾಗವತರು ಅದೇ ಪದ್ಯವನ್ನು ನಿಮ್ಮಲ್ಲಿ ಮತ್ತೆ ಹಾಡಿದ್ದಕ್ಕೆ ಆ ಹಕ್ಕು ತಾಗುವುದಿಲ್ಲ.

ಹಾಗೆಂದು, ಕ್ಲೇಮ್ ಒಪ್ಪುವುದಿಲ್ಲವೆನ್ನಲು ಕೂಡಲೇ ‘ಡಿಸ್‌ಪ್ಯೂಟ್’ ಒತ್ತಬೇಡಿ. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊದ ಕಾಪಿರೈಟ್ ವಿವರ ತೆರೆದರೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ತಾಳೆಯಾಗಿದೆ ಎಂದು ತೋರಿಸುತ್ತದೆ. ಆ ಭಾಗವನ್ನು ಕಿವಿಗೊಟ್ಟು ಕೇಳಿ. ಆಟ ಶುರುವಾಗುವ ಮೊದಲು ಮೈಕಿನವರು ಹಾಕಿದ ಭಕ್ತಿಗೀತೆ ನಿಮ್ಮ ವಿಡಿಯೊದಲ್ಲಿ ಸೇರಿಕೊಂಡಿದ್ದರೆ ಕ್ಲೇಮ್ ಸರಿಯೇ. ಅಷ್ಟನ್ನು ಸ್ಟುಡಿಯೊದಲ್ಲೇ ಕತ್ತರಿಸಿದರೆ ಕ್ಲೇಮ್ ಬಿದ್ದುಹೋಗುತ್ತದೆ. ತಾಳೆಯಾದದ್ದು ಭಾಗವತರ ಹಾಡೇ ಆಗಿದ್ದರೆ, ಮೇಳದ ಯಜಮಾನರ ಮತ್ತು ಕಲಾವಿದರ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆ ಡಿಸ್‌ಪ್ಯೂಟ್ ಹಾಕಿ. ಉತ್ತರಿಸಲು ಕಂಪೆನಿಗೆ 30 ದಿನ ಇದೆ. ಸುಮ್ಮನಿದ್ದರೆ ಕ್ಲೇಮ್ ತಾನಾಗಿ ರದ್ದಾಗುತ್ತದೆ. ಅವರು ಒಪ್ಪದಿದ್ದರೆ ನೀವು ಅಪೀಲ್ ಮಾಡಬಹುದು, ಅದಕ್ಕೆ ಅವರಿಗೆ 7 ದಿನ. ಅಪಾಯ ಇರುವುದು ಇಲ್ಲಿ: ಅಪೀಲಿಗೆ ಉತ್ತರವಾಗಿ ಅವರು ವಿಡಿಯೊ ತೆಗೆಸಿದರೆ ಚಾನೆಲಿಗೆ ಸ್ಟ್ರೈಕ್, ಅಂದರೆ ನಿಯಮ ಮುರಿದ ದಾಖಲೆ, ಬೀಳುತ್ತದೆ. ಬರೀ ಕ್ಲೇಮಿನಿಂದ ಸಾಮಾನ್ಯವಾಗಿ ಹೋಗುವುದು ಜಾಹೀರಾತಿನ ದುಡ್ಡು ಮಾತ್ರ. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲೇ ಹೋಗುತ್ತದೆ.

ದೇವರ ಆಟಕ್ಕೆ ವಿನಾಯಿತಿ ಇದೆಯೆಂದು ಕೆಲವರು ಹೇಳುವುದುಂಟು. 52ನೇ ಸೆಕ್ಷನ್ನಿನ ಆ ವಿನಾಯಿತಿ ಧಾರ್ಮಿಕ ಸಮಾರಂಭದಲ್ಲಿ ಕೃತಿಯನ್ನು ಪ್ರದರ್ಶಿಸುವುದಕ್ಕೆ. ರೆಕಾರ್ಡ್ ಮಾಡಿ ಊರಿಗೆಲ್ಲ ಹಂಚುವುದಕ್ಕಲ್ಲ. ಮುಂದಿನ ಸಲ ವೀಳ್ಯ ಕೊಟ್ಟು ಆಟ ಗೊತ್ತುಮಾಡುವಾಗಲೇ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಆಟದ ದಿನಾಂಕ, ಪ್ರಸಂಗ, ಚಿತ್ರೀಕರಿಸುವವರು ಯಾರು, ಎಲ್ಲಿ ಹಾಕುತ್ತೀರಿ, ದುಡ್ಡು ಬಂದರೆ ಕಲಾವಿದರಿಗೆಷ್ಟು. ಕೊನೆಯದನ್ನು ಬಿಡುವವರೇ ಹೆಚ್ಚು, ಆಮೇಲೆ ಮನಸ್ತಾಪ ಆಗುವುದೂ ಅದರಿಂದಲೇ.

ಪ್ರಶ್ನೆ: ಗೋವಿಂದ ಪೈಗಳ ಪುಸ್ತಕಗಳನ್ನು ನಮ್ಮ ಗ್ರಂಥಾಲಯದಿಂದ ಸ್ಕ್ಯಾನ್ ಮಾಡಿ ಹಾಕಬಹುದೇ? ಕಯ್ಯಾರರದ್ದು?
– ಓದುಗರು, ಮಂಜೇಶ್ವರ

ಉತ್ತರ: ಪೈಗಳದ್ದು ಹಾಕಬಹುದು, ಕಯ್ಯಾರರದ್ದು ವಾರಸುದಾರರ ಅನುಮತಿ ಇಲ್ಲದೆ ಆಗದು. ಲೇಖಕ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಎಣಿಸಬೇಕು. ಗೋವಿಂದ ಪೈ ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ, ಆದ್ದರಿಂದ 2024ರ ಜನವರಿ 1ಕ್ಕೆ ಅವರ ಕೃತಿಗಳು ಎಲ್ಲರ ಸ್ವತ್ತಾದವು. ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ಹೋದವರು, 2075ರ ಕೊನೆಯವರೆಗೆ ಕಾಯಬೇಕು. ಪೈಗಳ ಬರಹಗಳಲ್ಲೂ ಅವರ ಕಾಲಾನಂತರ ಮೊದಲ ಬಾರಿಗೆ ಅಚ್ಚಾದದ್ದಿದ್ದರೆ ಅದಕ್ಕೆ ಅಚ್ಚಾದ ಮರುವರ್ಷದಿಂದ 60 ವರ್ಷ. ಸಂಪಾದಕರ ಮುನ್ನುಡಿ, ಟಿಪ್ಪಣಿ, ಮುಖಪುಟದ ಚಿತ್ರಗಳ ಲೆಕ್ಕ ಬೇರೆ. ಅವುಗಳನ್ನು ಬಿಟ್ಟು ಸ್ಕ್ಯಾನ್ ಮಾಡಿ.

ಇನ್ನೊಂದು ತೊಡಕು ಅಮೆರಿಕದ್ದು. ವಿಕಿಪೀಡಿಯ ನಡೆಸುವ ವಿಕಿಮೀಡಿಯದ ತಾಣಗಳು ಅಲ್ಲಿನ ಕಾನೂನನ್ನೂ ನೋಡುತ್ತವೆ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಕೃತಿಗೆ ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷದ ರಕ್ಷಣೆ. ಪೈಗಳ ಹಕ್ಕು ಆಗ ಉಳಿದಿತ್ತು. ಹಾಗಾಗಿ 1940ರಲ್ಲಿ ಅಚ್ಚಾದದ್ದನ್ನು ಅಲ್ಲಿ ಹಾಕಿದರೆ ತೆಗೆದುಹಾಕುತ್ತಾರೆ. ಗ್ರಂಥಾಲಯದ ಸ್ವಂತ ತಾಣವನ್ನು ಭಾರತದ ಸರ್ವರಿನಲ್ಲಿ ಇಡುವುದೇ ವಾಸಿ.

ನಮ್ಮ ಅಭಿಪ್ರಾಯ ಕೇಳಿದರೆ 60 ವರ್ಷ ಹೆಚ್ಚಾಯಿತು. ಮೊದಲು ಇದ್ದದ್ದು 50. ರವೀಂದ್ರನಾಥ ಟಾಗೋರರ ಹಕ್ಕು 1991ರ ಕೊನೆಗೆ ಮುಗಿಯುತ್ತದೆಂದು ಸರಕಾರ ಹತ್ತು ವರ್ಷ ಸೇರಿಸಿತು. ಆ ಒಬ್ಬರಿಗಾಗಿ ಮಾಡಿದ ತಿದ್ದುಪಡಿಯಿಂದ, 2014ರಲ್ಲೇ ಸಿಗಬೇಕಿದ್ದ ಗೋವಿಂದ ಪೈ ನಮಗೆ ಹತ್ತು ವರ್ಷ ತಡವಾಗಿ ಸಿಕ್ಕಿದರು.

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರವೊಂದನ್ನು ಮಾಡಿ ವಾಟ್ಸಾಪ್ ಗುಂಪುಗಳಲ್ಲಿ ವಿಡಿಯೊ ಹಂಚಿದ್ದೇನೆ. ಪೇಟೆಂಟ್ ಸಿಕ್ಕೀತೇ?
– ಕೃಷಿಕರು, ಬದಿಯಡ್ಕ

ಉತ್ತರ: ವಿಡಿಯೊದಲ್ಲಿ ಏನು ಕಾಣುತ್ತದೆ ಎಂಬುದರ ಮೇಲಿದೆ. ಬ್ಲೇಡ್, ರೋಲರುಗಳ ಜೋಡಣೆ ಬಿಡಿಸಿ ತೋರಿಸಿದ್ದರೆ ಹೊಸತನ ಹೋಯಿತು, ಅರ್ಜಿ ಹಾಕಿ ಪ್ರಯೋಜನವಿಲ್ಲ. ಹೊರಗಿನ ಡಬ್ಬಿ ಮಾತ್ರ ಕಂಡಿದ್ದರೆ ಇನ್ನೂ ದಾರಿಯಿದೆ. ಕೇರಳಕ್ಕೆ ಚೆನ್ನೈಯ ಪೇಟೆಂಟ್ ಕಚೇರಿ, ಅರ್ಜಿ ಆನ್‌ಲೈನಿನಲ್ಲೇ. ವ್ಯಕ್ತಿಗೆ ಶುಲ್ಕ 1,600 ರೂಪಾಯಿ. ಮೊದಲು ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಹಿಡಿದುಕೊಳ್ಳಿ, 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಿ. ತಪ್ಪಿದರೆ ಅರ್ಜಿಯೇ ಬಿದ್ದುಹೋಗುತ್ತದೆ. ಪರೀಕ್ಷೆಗೆ ಬೇರೆ ಕೋರಿಕೆ ಹಾಕಬೇಕು, ಈಗಿನ ಗಡುವು 31 ತಿಂಗಳು. ಹಾಕದೆ ಕಾದು ಕೂತವರ ಅರ್ಜಿ ಹಿಂತೆಗೆದಂತೆ. ಯಂತ್ರಕ್ಕಷ್ಟೇ ಈ ಮಾತು, ಕೃಷಿಯ ವಿಧಾನಕ್ಕೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3 ಪೇಟೆಂಟ್ ಕೊಡುವುದಿಲ್ಲ.

ಪೇಟೆಂಟ್ ಬೇಡವೆನಿಸಿದರೆ ವಿಡಿಯೊವನ್ನು ದಿನಾಂಕ ಕಾಣುವಂತೆ ಉಳಿಸಿಡಿ. ನಾಳೆ ಬೇರೆಯವರು ಅದೇ ಯಂತ್ರಕ್ಕೆ ಅರ್ಜಿ ಹಾಕಿದರೆ, ಮಂಜೂರಾಗುವ ಮೊದಲೇ ಅದನ್ನು ತೋರಿಸಿ ಯಾರು ಬೇಕಾದರೂ ಆಕ್ಷೇಪಿಸಬಹುದು.

ಪ್ರಶ್ನೆ: ಕರೆಯಲ್ಲಿ ಕಟಕಟ ಸದ್ದು. ಸರಕಾರ ಕದ್ದು ಕೇಳುತ್ತಿದೆಯೇ?
– ಓದುಗರು, ಉಪ್ಪಳ

ಉತ್ತರ: ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಕಾನೂನಿನ ಕದ್ದಾಲಿಕೆ ಕಂಪೆನಿಯ ಜಾಲದೊಳಗೇ ನಡೆಯುತ್ತದೆ, ಫೋನಿಗೆ ಏನೂ ಗೊತ್ತಾಗದು. ಗಡಿಯ ಬಳಿ ಟವರು ಬದಲಾಗುವಾಗಲೂ ಇಂಥ ಸದ್ದು ಬರುತ್ತದೆ. ಕದ್ದಾಲಿಕೆಗೆ ರಾಜ್ಯದಲ್ಲಿ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಆದೇಶದ ಆಯಸ್ಸು 60 ದಿನ, ಮುಂದುವರಿಸಿದರೂ ಒಟ್ಟು 180. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಇರುವವರೂ ಅಧಿಕಾರಿಗಳೇ, ನ್ಯಾಯಾಧೀಶರಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದ ಮೇಲೂ ಇದು ಬದಲಾಗದಿರುವುದು ನಮಗೆ ಸರಿಕಾಣದು.

ನಿಮ್ಮಂಥವರಿಗೆ ಹೆಚ್ಚಿನ ಭಯ ಸರಕಾರದ್ದಲ್ಲ, ಕಳ್ಳರದ್ದು. *#21# ಒತ್ತಿ ನೋಡಿ, ಕರೆಗಳು ಬೇರೆ ನಂಬರಿಗೆ ಹೋಗುತ್ತಿದ್ದರೆ ತಿಳಿಯುತ್ತದೆ. ##002# ಒತ್ತಿದರೆ ಎಲ್ಲ ಫಾರ್ವರ್ಡ್ ರದ್ದು. ವಾಟ್ಸಾಪಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ ಕಂಪ್ಯೂಟರ್ ಕಂಡರೆ ಲಾಗ್‌ಔಟ್ ಮಾಡಿ. ಚಾಟ್ ಬ್ಯಾಕಪ್ಪಿಗೂ ಎನ್‌ಕ್ರಿಪ್ಷನ್ ಹಾಕಿ. ಆ ಪಾಸ್‌ವರ್ಡ್ ಕಾಗದದಲ್ಲಿ ಬರೆದಿಡಿ, ಮರೆತರೆ ವಾಟ್ಸಾಪಿನವರೂ ತೆರೆದುಕೊಡಲಾರರು.