ಟರ್ಬೊ ಎಂಜಿನ್‌ಗೆ ಗಟ್ಟಿ ಆಯಿಲ್ ಹಾಕಿದರೆ ಜಾಸ್ತಿ ರಕ್ಷಣೆ ಸಿಗುತ್ತದೆಯೇ?

ಕಂಪನಿ 5ಡಬ್ಲ್ಯೂ-30 ಹೇಳಿರುವ ಟರ್ಬೊ ಕಾರಿಗೆ 10ಡಬ್ಲ್ಯೂ-60 ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸುಮ್ನೆ ಹಾಗೆ ಬದಲಿಸಬೇಡಿ.

ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅಂತ ಹೇಳುತ್ತದೆ. ಎರಡನೆಯದು ಬಿಸಿಯಾದ ಮೇಲಿನ ಗಟ್ಟಿತನದ್ದು. ಬಿಎಂಡಬ್ಲ್ಯೂ ಎಂ3ಯ ಹಳೆಯ ಎಸ್54 ಎಂಜಿನ್‌ಗೆ ಕಂಪನಿಯೇ 10ಡಬ್ಲ್ಯೂ-60 ಹೇಳಿತ್ತು, ಅಲ್ಲಿ ಅದು ಸರಿ. ತೆಳು ಆಯಿಲ್‌ಗಾಗಿ ಮಾಡಿದ ಎಂಜಿನ್‌ನಲ್ಲಿ ಅದೇ ಆಯಿಲ್ ಸ್ಟಾರ್ಟ್ ಆದಾಗ ಮೇಲೆ ತಲುಪುವುದು ತಡ, ಪವರ್ ಕೂಡ ಸ್ವಲ್ಪ ತಿನ್ನುತ್ತದೆ.

ನಿಜವಾಗಿ ನೋಡಬೇಕಾದ್ದು ಎಚ್‌ಟಿಎಚ್‌ಎಸ್ ಅನ್ನುವ ಅಳತೆ. 150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೇರಿಂಗ್ ಒಳಗಿನಂಥ ಜೋರು ತಿಕ್ಕಾಟದಲ್ಲಿ ಆಯಿಲ್ ಪದರ ಎಷ್ಟು ತಾಳುತ್ತದೆ ಅಂತ ಅದು ತೋರಿಸುತ್ತದೆ. ಎರಡು ಡಬ್ಬಗಳ ಮೇಲೂ 5ಡಬ್ಲ್ಯೂ-30 ಅಂತಲೇ ಇರಬಹುದು. ಆದರೆ ಎಸಿಇಎ, ಅಂದರೆ ಯುರೋಪಿನ ಕಾರು ತಯಾರಕರ ಸಂಘದ ಎ5/ಬಿ5 ದರ್ಜೆಯ ಆಯಿಲ್‌ನಲ್ಲಿ ಎಚ್‌ಟಿಎಚ್‌ಎಸ್ 2.9 ಮಿಲಿಪ್ಯಾಸ್ಕಲ್-ಸೆಕೆಂಡ್‌ನಷ್ಟಕ್ಕೂ ಇಳಿಯಬಹುದು, ಅದೇ ಸಂಘದ ಸಿ3 ದರ್ಜೆಯಲ್ಲಿ ಕನಿಷ್ಠ 3.5 ಇರಲೇಬೇಕು. ಜೋರಾಗಿ ಓಡಿಸುವವರಿಗೆ, ಮ್ಯಾನುಯಲ್ ಒಪ್ಪಿದರೆ, ನಾನು ಹೇಳುವುದು ಸಿ3. ಈ ಸಂಖ್ಯೆ ಡಬ್ಬದ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ, ತಯಾರಕರ ಡೇಟಾ ಶೀಟ್‌ನಲ್ಲಿ ಹುಡುಕಿ.

ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಎಂಜಿನ್ ಆದರೆ ಡಬ್ಬದ ಮೇಲೆ ಎಪಿಐ ಎಸ್‌ಪಿ ಅನ್ನುವ ಅಮೆರಿಕನ್ ಗುಣಮಟ್ಟದ ಗುರುತೂ ಇರಲಿ. ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಇಂಧನ ಸ್ಪಾರ್ಕ್‌ಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವುದುಂಟು, ಆ ಅಪಾಯ ತಗ್ಗಿಸಲು ಪರೀಕ್ಷೆ ಮಾಡಿದ ಆಯಿಲ್ ಅದು.

ಟ್ರ್ಯಾಕ್‌ಗೆ ಹೋಗುತ್ತೀರಾದರೆ ಆಯಿಲ್ ಬೇಗ ಬದಲಿಸಿ. ಎಷ್ಟೇ ಒಳ್ಳೆ ಆಯಿಲ್ ಆದರೂ ಪೆಟ್ರೋಲ್ ಸೇರಿ ತೆಳುವಾಗುತ್ತದೆ.