ವೈದ್ಯಕೀಯ ಕಾಲೇಜುಗಳನ್ನು ಆರೋಗ್ಯ ಇಲಾಖೆಗೆ ಸೇರಿಸಿದರೆ ಸಾಕೇ?

ಕಾಲೇಜುಗಳನ್ನು ಶಿಕ್ಷಣ ಇಲಾಖೆಯಿಂದ ಬಿಡಿಸಿ ಆರೋಗ್ಯ ಇಲಾಖೆಗೆ ಕೊಟ್ಟರೆ, ಓದು ಮತ್ತು ದೇಶದ ಆರೋಗ್ಯ ಸೇವೆ ತಾವಾಗಿಯೇ ಒಂದಾಗುವುದಿಲ್ಲವೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ.

ಆ ದಾರಿ ಹಿಡಿದ ದೇಶ ಇರಾನ್. 1985ರ ಕಾನೂನಿನಿಂದ ಅಲ್ಲಿ ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಒಂದೇ ಸಚಿವಾಲಯದಡಿ ಬಂದವು. ಪ್ರಾಂತ್ಯದ ವೈದ್ಯವಿಜ್ಞಾನ ವಿಶ್ವವಿದ್ಯಾಲಯಕ್ಕೇ ಅಲ್ಲಿನ ಜನರ ಆರೋಗ್ಯದ ಹೊಣೆ. ಸುಮಾರು 1,500 ಜನಕ್ಕೊಂದರಂತಿರುವ ಹಳ್ಳಿಯ ‘ಆರೋಗ್ಯ ಮನೆ’ಯಿಂದ ಬೋಧನಾ ಆಸ್ಪತ್ರೆಯವರೆಗೆ ಎಲ್ಲವೂ ಅದರ ಕೈಯಲ್ಲೇ. ಲಸಿಕೆ ಕಾರ್ಯಕ್ರಮ ಹಿಂದೆ ಬಿದ್ದರೆ ‘ಅದು ನಮ್ಮ ಕೆಲಸವಲ್ಲ’ ಎನ್ನುವಂತಿಲ್ಲ. ಇದು ದೊಡ್ಡ ಲಾಭ. ಆದರೆ ಈ ವ್ಯವಸ್ಥೆಯೊಳಗೇ ಒಂದು ಅಪಾಯವಿದೆ. ಔಷಧಿ ಮುಗಿದರೆ ಇವತ್ತೇ ಉತ್ತರ ಕೊಡಬೇಕು, ಪಠ್ಯಕ್ರಮವನ್ನು ಮುಂದಿನ ವರ್ಷ ನೋಡಿದರೂ ಯಾರೂ ಕೇಳುವುದಿಲ್ಲ. ಹಾಗಾಗಿ ಬೋಧನೆಯ ಹಣವನ್ನೂ ಬೋಧಕರ ಗಂಟೆಗಳನ್ನೂ ಬಜೆಟ್‌ನಲ್ಲಿ ಬೇರೆಯಾಗಿ ತೋರಿಸಿ, ಸೇವೆಯ ಖರ್ಚಿಗೆ ಮುಟ್ಟದಂತೆ ಕಟ್ಟಿಹಾಕಬೇಕು.

ನಿಜವಾದ ಬೆಸುಗೆ ಬೀಳುವುದು ಸಚಿವಾಲಯದಲ್ಲಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ವಿದ್ಯಾರ್ಥಿಗಳನ್ನು ಎರಡು ವಾರ ಅಲ್ಲಿಗೆ ಕಳಿಸುವುದು, ಬಿಚ್ಚಿ ಹೇಳಬೇಕೆಂದರೆ, ಪ್ರವಾಸ. ಸಕ್ಕರೆ ಕಾಯಿಲೆಯವರ ಮಾತ್ರೆ ಬದಲಿಸಿದರೆ ಕಳೆದ ಕೆಲವು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಅದರ ಫಲ ಪೂರ್ತಿ ಕಾಣಲು ಸುಮಾರು 3 ತಿಂಗಳು ಬೇಕು. ಎರಡು ವಾರಕ್ಕೆ ಹೊರಟುಹೋಗುವವರಿಗೆ ತಾವು ಬರೆದ ಚೀಟಿ ಏನಾಯಿತೆಂದೇ ಗೊತ್ತಾಗುವುದಿಲ್ಲ. ಕೆನಡಾದ ಉತ್ತರ ಒಂಟಾರಿಯೋದಲ್ಲಿ 2005ರಲ್ಲಿ ಶುರುವಾದ ವೈದ್ಯಕೀಯ ಶಾಲೆ ಮೂರನೇ ವರ್ಷದವರನ್ನು ಸುಮಾರು 8 ತಿಂಗಳು ಸಣ್ಣ ಊರುಗಳಲ್ಲೇ ಇರಿಸುತ್ತದೆ. ಅಷ್ಟು ದಿನ ಇದ್ದರೆ ಒಬ್ಬಳೇ ಗರ್ಭಿಣಿಯ ತಪಾಸಣೆ, ಹೆರಿಗೆ, ಮಗುವಿನ ಲಸಿಕೆ ಮೂರನ್ನೂ ನೋಡಬಹುದು.

ಇದು ಕೆಡುವುದು ಹೀಗೆ: ಕೇಂದ್ರದ ವೈದ್ಯರಿಗೆ ರೋಗಿಗಳ ಸಂಖ್ಯೆ ಕಡಿಮೆ ಮಾಡದೆ ವಿದ್ಯಾರ್ಥಿಗಳನ್ನು ಒಪ್ಪಿಸುತ್ತಾರೆ. ಹೊರಗೆ ಸಾಲು ಬೆಳೆಯುತ್ತದೆ, ವಿದ್ಯಾರ್ಥಿ ಕುರ್ಚಿಯ ಹಿಂದೆ ಸುಮ್ಮನೆ ನಿಂತಿರುತ್ತಾನೆ. ಒಬ್ಬ ವೈದ್ಯರಿಗೆ ಒಬ್ಬರು, ಹೆಚ್ಚೆಂದರೆ ಇಬ್ಬರು ವಿದ್ಯಾರ್ಥಿಗಳು ಸಾಕು. ಎರಡು ಕೋಣೆ ಬೇಕೇ ಬೇಕು. ವಿದ್ಯಾರ್ಥಿ ಒಂದರಲ್ಲಿ ಹದಿನೈದು ನಿಮಿಷ ರೋಗಿಯ ಜೊತೆ ಮಾತಾಡಿ ಪರೀಕ್ಷಿಸುವಾಗ ವೈದ್ಯರು ಇನ್ನೊಂದರಲ್ಲಿ ಬೇರೆಯವರನ್ನು ನೋಡಿ, ಆಮೇಲೆ ಬಂದು ಸೇರಿಕೊಳ್ಳುತ್ತಾರೆ. ಮೊದಲ ಕೆಲವು ವಾರ ಕೆಲಸ ನಿಧಾನವಾಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆ ವೈದ್ಯರಿಗೆ ಬೋಧಕರ ಹುದ್ದೆ, ಭತ್ಯೆ ಸಿಗಬೇಕು. ಬಡ್ತಿಗೆ ಸಂಶೋಧನಾ ಲೇಖನಗಳನ್ನಷ್ಟೇ ಎಣಿಸಿದರೆ ಒಳ್ಳೆಯ ಬೋಧಕರು ಅಲ್ಲಿ ಉಳಿಯುವುದಿಲ್ಲ. ಇನ್ನು ಪರೀಕ್ಷೆ: ಕೇಂದ್ರದಲ್ಲಿ ಕಲಿತದ್ದಕ್ಕೆ ಅಂಕವಿಲ್ಲದಿದ್ದರೆ ಹುಡುಗರು ಅಲ್ಲೂ ಗೈಡ್ ಹಿಡಿದೇ ಕೂರುತ್ತಾರೆ.

ಯಾರನ್ನು ಸೇರಿಸಿಕೊಳ್ಳುತ್ತೇವೆ ಎನ್ನುವುದೂ ಇದರದ್ದೇ ಭಾಗ. ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯ 1972ರಿಂದ ಪ್ರತಿ ಪ್ರಾಂತ್ಯದಿಂದ ಕೆಲವರನ್ನು ಆರಿಸಿ, ಶುಲ್ಕವನ್ನು ಸಾಲವಾಗಿ ಕೊಡುತ್ತದೆ. ಓದಿದ 6 ವರ್ಷದ ಒಂದೂವರೆ ಪಟ್ಟು, ಅಂದರೆ 9 ವರ್ಷ, ತಮ್ಮ ಪ್ರಾಂತ್ಯದಲ್ಲಿ ಸೇವೆ ಮಾಡಿದರೆ ಸಾಲ ಮನ್ನಾ.

ಹೊಸದಾಗಿ ಶುರುಮಾಡುವುದಾದರೆ ನಾನು ಒಂದು ಕಾಲೇಜಿಗೆ ಒಂದೇ ಜಿಲ್ಲೆ ಒಪ್ಪಿಸುವೆ. ಮೊದಲ ವರ್ಷ ಅಲ್ಲಿನ ಖಾಲಿ ಹುದ್ದೆಗಳನ್ನೂ, ಮುಂದಿನ ಹತ್ತು ವರ್ಷದಲ್ಲಿ ನಿವೃತ್ತರಾಗುವವರನ್ನೂ ಎಣಿಸಬೇಕು. ಇವತ್ತು ಕೊಟ್ಟ ಸೀಟು ವೈದ್ಯರಾಗಿ ಹೊರಬರಲು ಐದಾರು ವರ್ಷ ಹಿಡಿಯುತ್ತದೆ, ತಜ್ಞರಾಗಲು ಇನ್ನೂ ಹೆಚ್ಚು. ಸೀಟಿನ ಸಂಖ್ಯೆಯನ್ನು ಆ ಪಟ್ಟಿ ನೋಡಿಯೇ ಗೊತ್ತುಮಾಡಿ.